ಹತ್ತು ಗಂಟೆ ನಲವತ್ತು ನಿಮಿಷದ ದಾರಿ

ಗುರುವಾರ, ಬೆಳಿಗ್ಗೆ ಏಳೂವರೆ

ಪ್ರೀತಿಯ ಅತ್ತಿಗೆ, ನಮಸ್ಕಾರ. ನಾನು, ನಿಮ್ಮ ವಾಚಾಳಿ ಮೈದುನ. ಎರಡು ತಿಂಗಳಾಯ್ತು ಮಾತಾಡಿ, ತಪ್ಪಾಯ್ತು. ಕಾಗದ ಬರೆಯೋಕೆ ಕೂತ್ರೆ ಕೈ ಓಡಲ್ಲ, ಬಾಯಿ ಮಾತ್ರ ನಿಲ್ಲಲ್ಲ. ಅದಕ್ಕೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸ್ತಿದೀನಿ.

ವಿಮಾನ ನಿಲ್ದಾಣದಲ್ಲಿದೀನಿ. ತೊಡೆ ಮೇಲೆ ನೀಲಿ ಪೆಟ್ಟಿಗೆ. ಒಳಗೆ ಯಾರೋ ಪುಣ್ಯಾತ್ಮ ಕೊಟ್ಟ ಮೂಳೆಮಜ್ಜೆ, ಡಾಕ್ಟರು ಬೋನ್ ಮ್ಯಾರೋ ಅಂತಾರಲ್ಲ, ಅದು. ನಿಮ್ಮೂರಿನ ಆಸ್ಪತ್ರೆಗೆ. ಆರು ವರ್ಷದಿಂದ ಇದೇ ನನ್ನ ಕೆಲಸ. ನಿಮ್ಮ ಹತ್ರ ಮಾತ್ರ 'ಪಾರ್ಸೆಲ್ ಕಂಪನಿ' ಅಂದಿದ್ದೆ. ಅಲ್ಲಿ ಮಲಗಿರೋರ ಸ್ವಂತ ಮಜ್ಜೆಯನ್ನ ಔಷಧಿ ಕೊಟ್ಟು ಆಗಲೇ ಸುಟ್ಟಾಗಿದೆ. ನಿಮ್ಮೂರ ಗಡಿಯಾರ ಇಲ್ಲಿಗಿಂತ ನಾಲ್ಕೂವರೆ ಗಂಟೆ ಹಿಂದೆ, ಅದರಲ್ಲಿ ಇವತ್ತು ಸಂಜೆ ಆರರೊಳಗೆ ಇದು ಸೇರಬೇಕು. ಒಂಬತ್ತು ಸಾವಿರ ಕಿಲೋಮೀಟರ್, ಹತ್ತು ಗಂಟೆ ನಲವತ್ತು ನಿಮಿಷ. ದಿನಕ್ಕೆ ಒಂದೇ ವಿಮಾನ. ಇದು ತಪ್ಪಿದ್ರೆ ಮುಗೀತು.

ಈಗಷ್ಟೇ ತಪಾಸಣೆಯವನ ಜೊತೆ ಜಟಾಪಟಿ. "ಮೆಷಿನ್ನಿಗೆ ಹಾಕ್ರೀ" ಅಂದ.

"ಎಕ್ಸ್-ರೇ ತಗುಲಬಾರದು ಸಾರ್, ಪತ್ರ ನೋಡಿ."

"ಎಲ್ಲರೂ ಹೀಗೇ ಹೇಳೋದು. ಏನ್ರೀ ಅದು, ಮಾವನ ಮನೆ ಬಂಗಾರವಾ?"

ಪೆಟ್ಟಿಗೆ ತಬ್ಕೊಂಡು, "ಹಾಗಾದ್ರೆ ನನ್ನನ್ನೂ ಸೇರಿಸಿ ಹಾಕಿ" ಅಂದೆ. ಹಿಂದಿನ ಸಾಲೆಲ್ಲ ಗೊಣಗ್ತಿತ್ತು. ಕೊನೆಗೆ ಅವನ ಮೇಲಿನವರು ಬಂದು, ಪತ್ರ ಓದಿ, ಕೈಯಲ್ಲೇ ತಡವಿ ಬಿಟ್ರು. ಅಯ್ಯೋ, ಗೇಟ್ ಮುಚ್ತಿದಾರೆ, ಓಡ್ತೀನಿ. ಈ ವಿಮಾನದವರಿಗೆ ನೀವು ಇಪ್ಪತ್ತೊಂದು ವರ್ಷದಿಂದ ಹಾಕ್ತಿರೋ ಶಾಪ ಇವತ್ತೊಂದಿನ ನಿಲ್ಲಿಸಿ!

ಅದೇ ದಿನ, ನಿಮ್ಮೂರ ಗಡಿಯಾರದಲ್ಲಿ ಐದೂವರೆ

ಅತ್ತಿಗೆ, ಆಸ್ಪತ್ರೆಯ ಕಾರಿಡಾರಿನಲ್ಲಿದೀನಿ. ದಾರಿಯುದ್ದಕ್ಕೂ ಎದುರುಗಾಳಿ. ಮುಂದಿನ ಸೀಟಿನ ಪರದೆಯಲ್ಲಿ 'ಉಳಿದ ಸಮಯ ನಾಲ್ಕು ಗಂಟೆ' ಅಂತಿತ್ತು. ಅರ್ಧ ಗಂಟೆ ಕಣ್ಣು ಮುಚ್ಚಿ ತೆಗೆದೆ, ಆಗಲೂ ನಾಲ್ಕು ಗಂಟೆ! ಪಕ್ಕದ ಅಜ್ಜಿ, "ಬಾತ್‌ರೂಮಿಗೂ ಹೊತ್ಕೊಂಡು ಹೋಗ್ತೀಯಲ್ಲಪ್ಪ, ಬಾಂಬಲ್ಲ ತಾನೇ?" ಅಂದ್ರು. ಅವರಿಗೂ ಪತ್ರ ತೋರಿಸ್ದೆ. ಇಳಿದಾಗ ಒಂದೂ ಮುಕ್ಕಾಲು ಗಂಟೆ ತಡ. ಟ್ಯಾಕ್ಸಿಯವನಿಗೆ ಕೈ ಮುಗಿದೆ. ಐದು ಇಪ್ಪತ್ತಕ್ಕೆ ನರ್ಸ್ ಪೆಟ್ಟಿಗೆ ಇಸ್ಕೊಂಡು, "ಉಸಿರು ಬಿಡಿ ಸಾರ್, ಇನ್ನೂ ನಲವತ್ತು ನಿಮಿಷ ಇದೆ" ಅಂದ್ಲು.

ಒಳಗಿರೋದು ಯಾರೋ, ನನಗೆ ಹೇಳಲ್ಲ. ಗಾಜಿನಾಚೆ ಯಾರದೋ ಹೆಂಡತಿ ಬಾಗಿಲನ್ನೇ ನೋಡ್ತಾ ಕೂತಿದ್ರು. ನೀವೂ ಹೀಗೇ ಕೂತಿದ್ರಿ ಅಲ್ವಾ?

ಮೊಣಕಾಲು ನೋವು ಅಂತ ನಡೆಯೋದು ಬಿಡಬೇಡಿ. ದೂರದಿಂದಲೇ ನನ್ನ ತಲೆ ಮೇಲೆ ಕೈ ಇಡಿ.

ಇಂತಿ ನಿಮ್ಮ ಮೈದುನ.

ಹೇಳದೇ ಉಳಿದಿದ್ದು, ಸಂಜೆ ಏಳು

ಇದನ್ನ ಹೇಳೋಕೇ ಅತ್ತಿಗೆ, ಬೆಳಿಗ್ಗೆಯಿಂದ ಏನೇನೋ ಮಾತಾಡಿದ್ದು. ಇಪ್ಪತ್ತೊಂದು ವರ್ಷದ ಹಿಂದೆ, ನನ್ನ ಮಜ್ಜೆ ಅಣ್ಣನಿಗೆ ಹೊಂದುತ್ತೆ, ನಾಲ್ಕು ದಿನದೊಳಗೆ ಬಾ ಅಂತ ನೀವು ಆಸ್ಪತ್ರೆಯಿಂದ ಫೋನ್ ಮಾಡಿದ್ರಲ್ಲ, ಅಣ್ಣ ಫೋನ್ ಇಸ್ಕೊಂಡು "ಅಲ್ಲಿಂದ ಎಷ್ಟು ಹೊತ್ತಾಗುತ್ತೋ?" ಅಂದ. "ಹತ್ತು ಗಂಟೆ ನಲವತ್ತು ನಿಮಿಷ. ಆದ್ರೆ ಸೀಟೇ ಸಿಗ್ತಿಲ್ಲಣ್ಣ" ಅಂದೆ.

ಸೀಟಿತ್ತು. ಹದಿನೇಳನೇ ಸಾಲು, ಕಿಟಕಿ ಪಕ್ಕ. ಸೂಜಿಗೆ ಹೆದರಿ ನಾನೇ ರದ್ದು ಮಾಡಿಸ್ದೆ. ಧೈರ್ಯ ಮಾಡಿ ಬರೋ ಹೊತ್ತಿಗೆ ಒಂಬತ್ತು ದಿನ ಆಗಿತ್ತು, ಅಣ್ಣ ಹೋಗಿಬಿಟ್ಟಿದ್ದ.

ಇನ್ನು ವಿಮಾನದವರನ್ನ ಬೈಬೇಡಿ.

ನಿಮ್ಮ ಮನೆ ಮೆಟ್ಟಿಲ ಕೆಳಗೇ ನಿಂತಿದೀನಿ. ಮೇಲೆ ದೀಪ ಕಾಣ್ತಿದೆ. ಪೂರ್ತಿ ಕೇಳಿದ ಮೇಲೆ ಬಾಗಿಲು ತೆಗೀಬೇಕು ಅನ್ನಿಸಿದ್ರೆ ತೆಗೀರಿ. ಬೆಲ್ ನಾನು ಒತ್ತಲ್ಲ.