ಎರಡು ಸಾವಿರದ ನಲವತ್ತೇಳು

ಸಿಂಗಾಪುರ ಬಡಾವಣೆ, ಬೆಂಗಳೂರು
14 ಡಿಸೆಂಬರ್ 2024

ಪ್ರದ್ಯುಮ್ನ ಅವರಿಗೆ,

ಹನ್ನೆರಡು ವರ್ಷ ಸಂಸಾರ ಮಾಡಿದ ಗಂಡನಿಗೆ ‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಅಮ್ಮನ ಮನೆಯಲ್ಲಿ ಚೆನ್ನಾಗಿದ್ದೇನೆ. ಎಲ್ಲರೆದುರು ಮರ್ಯಾದೆ ಯಾಕೆ ತೆಗೆದೆ ಎಂದು ವಾರವಿಡೀ ಮೆಸೇಜ್ ಮಾಡಿದಿರಿ. ಇದು ಅದಕ್ಕೆ ಉತ್ತರ.

ನೀವು ಆರ್.ಟಿ. ನಗರದಲ್ಲಿ ಗಣಿತದ ಟ್ಯೂಷನ್ ಮಾಡುತ್ತಿದ್ದ ಹೊತ್ತಿನಲ್ಲಿ, ಕೊಡಿಗೇಹಳ್ಳಿಯ ಮನೆಯಲ್ಲಿ ಕೂತು ಮಕ್ಕಳಿಗಾಗಿ ಸಂಖ್ಯೆಗಳ ಪುಸ್ತಕ ಬರೆದವಳು ನಾನು. ನಾಲ್ಕು ವರ್ಷ. ಆರನ್ನು ಬಿಟ್ಟು ಅದರ ಉಳಿದ ಭಾಜಕಗಳಾದ ಒಂದು, ಎರಡು, ಮೂರನ್ನು ಕೂಡಿದರೆ ಮತ್ತೆ ಆರೇ ಬರುತ್ತದೆ, ಅದಕ್ಕೇ ಅದು ಪರಿಪೂರ್ಣ ಎಂದು ಬರೆದ ದಿನ ಖುಷಿಗೆ ಅನ್ನ ಸೀದುಹೋಗಿತ್ತು.

ಜೂನ್‌ನಲ್ಲಿ ಪ್ರಕಾಶಕರಿಂದ ಕರಡೂ ಮುಖಪುಟವೂ ಬಂದವು. ಮುಖಪುಟದಲ್ಲಿ ನಿಮ್ಮ ಹೆಸರೊಂದೇ. ಕೇಳಿದರೆ ಇಡ್ಲಿ ಮುರಿಯುತ್ತಾ ಅಂದಿರಿ: “ನಿನ್ನ ಹೆಸರು ಯಾರಿಗ್ ಗೊತ್ತು ಹರಿಪ್ರಿಯಾ? ಒಳಗಡೆ ಥ್ಯಾಂಕ್ಸ್ ಹಾಕಿದೀನಲ್ಲ.” ಹುಡುಕಿ ನೋಡಿದೆ. ‘ಹೊತ್ತಿಗೆ ಸರಿಯಾಗಿ ಕಾಫಿ ಕೊಟ್ಟ ಮಡದಿಗೆ’ ಎಂದಿತ್ತು. ಆ ವಾರವೇ ಮನೆ ಬಿಟ್ಟೆ.

ಬಿಡುವ ಮುಂಚೆ ಕರಡಿನ ಎಂಬತ್ತೊಂದನೇ ಪುಟದಲ್ಲಿ ಒಂದು ಮುಳ್ಳು ಇಟ್ಟೆ. ಮೂರು ಎರಡುಗಳನ್ನು ಗುಣಿಸಿ ಒಂದು ಕಳೆದರೆ 7, ಐದು ಎರಡುಗಳನ್ನಾದರೆ 31, ಏಳು ಎರಡುಗಳನ್ನಾದರೆ 127. ಎಲ್ಲವೂ ಅವಿಭಾಜ್ಯ, ಯಾವುದರಿಂದಲೂ ಒಡೆಯುವುದಿಲ್ಲ. ಹನ್ನೊಂದು ಎರಡುಗಳಿಂದ ಬರುವ 2047 ಕೂಡ ಹಾಗೆಯೇ ಎಂದು ಸೇರಿಸಿದೆ. ನೀವು ಪರೀಕ್ಷಿಸುವವರಲ್ಲ ಎಂದು ಗೊತ್ತಿತ್ತು.

ಕಳೆದ ಭಾನುವಾರ ಯಲಹಂಕದಲ್ಲಿ ಪುಸ್ತಕ ಬಿಡುಗಡೆಯಾದ ಮೇಲೆ, ಪ್ರಶ್ನೆಗಳಿದ್ದರೆ ಕೇಳಿ ಎಂದರು. ನಾನು ಎದ್ದು 2047ರ ಬಗ್ಗೆ ಕೇಳಿದೆ. ನೀವು ಗುರುತೇ ಇಲ್ಲದವರಂತೆ ನಕ್ಕಿರಿ. “ಅದು ಅವಿಭಾಜ್ಯನೇ ಮೇಡಂ, ಕೂತ್ಕೊಳ್ಳಿ.”

“ಇಪ್ಪತ್ಮೂರನ್ನ ಎಂಬತ್ತೊಂಬತ್ತರಿಂದ ಗುಣಿಸಿ ಸಾರ್,” ಅಂದೆ.

ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಹೆಡ್‌ಮಾಸ್ಟರ್ ನರಸಿಂಹಯ್ಯನವರು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಗುಣಿಸಿ, ಉತ್ತರವನ್ನು ಮೈಕಿನಲ್ಲೇ ಓದಿದರು. 2047. ಮಕ್ಕಳು ನಕ್ಕವು. ನೀವು ಬೆವರು ಒರೆಸಿಕೊಂಡು ಅಂದಿರಿ: “ಆ ಪುಟ ನನ್ನ ಹೆಂಡ್ತಿ ಬರ್ದಿದ್ದು.”

“ಮಿಕ್ಕಿದ್ದು ಯಾರು ಬರೆದ್ರಪ್ಪ?” ಎಂದು ಹಿರಿಯರು ಮೆಲ್ಲಗೆ ಕೇಳಿದರು. ನಾನು ವೇದಿಕೆ ಹತ್ತಿ, ನನ್ನ ನಾಲ್ಕೂ ನೋಟ್‌ಬುಕ್‌ಗಳನ್ನು ಅವರ ಮುಂದಿಟ್ಟೆ. ನಿಮ್ಮ ಆ ಮುಖವನ್ನು ದಿನಕ್ಕೊಂದು ಸಲ ನೆನೆಸಿಕೊಳ್ಳುತ್ತೇನೆ. ಊಟ ರುಚಿಸುತ್ತದೆ.

ನಿನ್ನೆ ಪ್ರಕಾಶಕರು ಇಲ್ಲಿಗೆ ಬಂದಿದ್ದರು. ತಿದ್ದಿದ ಮುದ್ರಣ ನನ್ನೊಬ್ಬಳ ಹೆಸರಿನಲ್ಲಿ ಬರುತ್ತದೆ. ಹಳೆಯ ಪ್ರತಿಗಳನ್ನೆಲ್ಲ ಕೊಡಿಗೇಹಳ್ಳಿಗೇ ಕಳಿಸಲು ಹೇಳಿದ್ದೇನೆ. ಮನೆಯಲ್ಲಿದ್ದು ಇಳಿಸಿಕೊಳ್ಳಿ.

ಇನ್ನು ನಿಮ್ಮವಳಲ್ಲದ,
ಹರಿಪ್ರಿಯಾ

ಮರೆತ ಮಾತು: ಮುಳ್ಳು ಇಟ್ಟೆ ಎಂದದ್ದು ಸುಳ್ಳು. 2047 ಅವಿಭಾಜ್ಯವೆಂದೇ ನಾನೂ ನಂಬಿ ಬರೆದಿದ್ದೆ. ತಪ್ಪು ಕಣ್ಣಿಗೆ ಬಿದ್ದದ್ದು ಭಾನುವಾರ ಬೆಳಿಗ್ಗೆ, ಬಸ್ಸಿನಲ್ಲಿ ನೋಟ್‌ಬುಕ್ ತಿರುವುವಾಗ. ನೀವು ನನ್ನ ಹೆಸರು ಹಾಕಿದ್ದಿದ್ದರೆ ಆ ಮಕ್ಕಳು ನಗುತ್ತಿದ್ದದ್ದು ನನ್ನನ್ನು ನೋಡಿ.