ಮೂರು ವರ್ಷ ಕಾಯ್ದ ಕುರ್ಚಿ

ಸಾನ್ ಹಿಲಾರಿಯೊ, ಪನಾಯ್ ದ್ವೀಪ
ಅಕ್ಟೋಬರ್ 6, 2024, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿ ಪೆರ್ಪೆತುವಾ,

ಎರಡು ಬೀದಿ ಆಚೆ ಇರುವ ತಂಗಿಗೆ ಕಾಗದ ಬರೆಯುವ ಅಣ್ಣನನ್ನು ಕಂಡು ನಿನಗೆ ನಗು ಬರಬಹುದು. ನಗು, ತಪ್ಪಿಲ್ಲ. ಮೂರು ವಾರದಿಂದ ನಿನ್ನ ಫೋನು ಎತ್ತಿಲ್ಲ. ನೀನು ಕಳಿಸಿದ ಸಿಹಿ ಅಕ್ಕಿಕಡುಬನ್ನು ಡಬ್ಬಿ ಸಮೇತ ವಾಪಸ್ ಕಳಿಸಿದೆ. ಅದರಲ್ಲಿ ಎರಡನ್ನು ಸಲೂದ್ ಮೊದಲೇ ಎತ್ತಿಟ್ಟುಕೊಂಡಿದ್ದಳಂತೆ, ಆಮೇಲೆ ಗೊತ್ತಾಯಿತು. ನಲವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿಯೂ ನಿನ್ನ ಪಕ್ಷವೇ ಎಂದ ಮೇಲೆ ನಾನು ಯಾರ ಹತ್ತಿರ ದೂರು ಹೇಳಲಿ?

ನಾನು ಸುಮಾರಾಗಿದ್ದೇನೆ. ಎಡ ಮಂಡಿ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಡಾಕ್ಟರು ಅನ್ನ ಕಡಿಮೆ ಮಾಡಿ ಎಂದಿದ್ದಾರೆ, ಸಲೂದ್ ಕಡಿಮೆ ಮಾಡಿದ್ದಾಳೆ, ನಾನು ಬಡಿಸಿದ್ದನ್ನು ತಿಂದು ಸುಮ್ಮನೆ ಏಳುತ್ತೇನೆ. ಒಟ್ಟಿನಲ್ಲಿ ದಣಿದಿದ್ದೇನೆ. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಇದು.

ಮಂಗಳವಾರ ಸಂಜೆ ಐದು ಗಂಟೆಗೆ ಮೇಯರ್ ಉಮೇದುವಾರಿಕೆಯ ಗಡುವು ಮುಗಿಯುತ್ತದೆ. ನೀನೂ ಹಾಕಿಲ್ಲ, ನಾನೂ ಹಾಕಿಲ್ಲ. ಮೀನು ಮಾರುಕಟ್ಟೆಯಲ್ಲಿ ಜನ ಪಣ ಕಟ್ಟುತ್ತಿದ್ದಾರೆ ಎಂದು ಡ್ರೈವರ್ ಎಪಿಂಗ್ ಹೇಳಿದ. ಯಾರ ಮೇಲೆ ಹೆಚ್ಚು ಕಟ್ಟಿದ್ದಾರೆ ಎಂದು ಕೇಳಿದೆ. ಅವನು ಕಾರಿನ ಕನ್ನಡಿ ಒರೆಸಲು ಶುರು ಮಾಡಿದ.

ಅವತ್ತು ಭಾನುವಾರ ನಮ್ಮನೆ ಊಟದಲ್ಲಿ ನೀನು ಅಣ್ಣನನ್ನು ಕೇಳಿದ್ದು ಸಣ್ಣ ಮಾತು. “ಮಾನೊಂಗ್, ಟೀಚರುಗಳು ಬಂದಿದ್ರು, ಮೀನುಗಾರರ ಸಂಘದವರೂ ಬಂದಿದ್ರು. ಇನ್ನೊಂದು ಸಲ ನಿಲ್ಲಿ ಅಂತಾರೆ. ನೀನು ನಿಲ್ತೀಯ ಅಂದ್ರೆ ನಾನು ನಿಲ್ಲಲ್ಲ. ಆದ್ರೆ ನಿಂಗೆ ನಿಜವಾಗ್ಲೂ ಬೇಕಾ ಅಂತ ಒಂದ್ಸಲ ಹೇಳು.” ಅದಕ್ಕೆ ನಾನು, “ಅನ್ನದ ಪಾತ್ರೆ ನೋಡ್ಕೋ ಅಂತ ಕೂರಿಸಿದ್ರೆ ಊಟಾನೇ ಮುಗಿಸ್ತಾ ಇದೀಯಲ್ಲೇ!” ಎಂದು ಎದ್ದುಹೋದೆ. ನೀನು ಅಳಲಿಲ್ಲ. ತಟ್ಟೆ ತೊಳೆದಿಟ್ಟು ಹೋದೆ ಎಂದು ಸಲೂದ್ ಹೇಳಿದಳು. ಆ ಮಾತಿಗೆ ಕ್ಷಮೆ ಕೇಳುತ್ತೇನೆ. ಮೊದಲೇ ಕೇಳಬೇಕಿತ್ತು.

ನನ್ನ ಲೆಕ್ಕದಲ್ಲಿ ಅದು ನನ್ನ ಕುರ್ಚಿ. ಜೀಪ್ನಿ ಓಡಿಸುತ್ತಿದ್ದವನು ಆಸ್ಪತ್ರೆಗೆ ಹೋಗುವವರ ಹತ್ತಿರ ಬಾಡಿಗೆ ಕೇಳದೆ ಕೇರಿಯ ಮುಖಂಡನಾದೆ. ಆಮೇಲೆ ಕೌನ್ಸಿಲರ್, ಆಮೇಲೆ ಉಪಮೇಯರ್. ಎರಡು ಸಲ ಸೋತೆ, ಅಪ್ಪನ ದೋಣಿ ಮಾರಿದೆ, ಕೊನೆಗೆ ಮೇಯರ್ ಆದೆ. ಚಂಡಮಾರುತ ಬಂದ ವರ್ಷ ಹನ್ನೊಂದು ದಿನ ಅಂಗಿ ಬದಲಿಸದೆ ಅಕ್ಕಿ ಹಂಚಿದೆ. ಚೀಲದ ಮೇಲೆ ನನ್ನ ಮುಖ ಅಚ್ಚು ಹಾಕಿಸಿದ್ದೆ, ನಿಜ. ಯಾರು ಹಾಕಿಸಲಿಲ್ಲ ಹೇಳು? ಮೂರು ಅವಧಿ ಸತತವಾಗಿ ಆದ ಮೇಲೆ ಒಂದು ಅವಧಿ ಬಿಡಬೇಕು ಎನ್ನುತ್ತದೆ ಕಾನೂನು. ಪಕ್ಕದ ಊರಲ್ಲಿ ಹೆಂಡತಿಯನ್ನು ಕೂರಿಸಿದರು, ಅದರಾಚೆಯ ಊರಲ್ಲಿ ಅಳಿಯನನ್ನು. ನಾನು ನಿವೃತ್ತ ಹೆಡ್‌ಮಿಸ್ಟ್ರೆಸ್ ತಂಗಿಯನ್ನು ಕೂರಿಸಿದೆ. ಮೂರು ವರ್ಷ ಕುರ್ಚಿ ಬೆಚ್ಚಗಿರಲಿ, ಆಮೇಲೆ ನಾನು ಬರುತ್ತೇನೆ ಎಂದೆ. ನೀನು “ಆಗಲಿ ಮಾನೊಂಗ್” ಎಂದೆ.

ಈಗ ಈ ಮೂರು ವಾರದಲ್ಲಿ ಆದದ್ದನ್ನು ಹೇಳುತ್ತೇನೆ. ಊರಲ್ಲಿ ಬೇರೆ ಯಾರ ಬಾಯಿಂದಲಾದರೂ ಕೇಳುವ ಮೊದಲು ನನ್ನಿಂದಲೇ ಕೇಳು.

ನಿನ್ನ ಮೇಲಿನ ಸಿಟ್ಟಿಗೆ ಮಾರನೇ ದಿನವೇ ಪ್ರಚಾರಕ್ಕೆ ಹೊರಟೆ. ಪ್ರಚಾರವೆಂದರೆ ನನಗೆ ಗೊತ್ತಿರುವುದು ಒಂದೇ, ಸಾವಿನ ಮನೆಗಳು. ಹೆಣ ಇಟ್ಟು ಏಳು ದಿನ ಜನ ಕೂತಿರುತ್ತಾರೆ, ಕಾಫಿ ಕುಡಿಯುತ್ತಾರೆ, ಇಸ್ಪೀಟು ಆಡುತ್ತಾರೆ. ಅಲ್ಲಿ ಹೋಗಿ ಅರ್ಧ ಗಂಟೆ ಕೂತವನನ್ನು ಮನೆಯವರು ಮರೆಯುವುದಿಲ್ಲ. ಮೊದಲೆಲ್ಲ ಕಚೇರಿಯಿಂದ ಪಟ್ಟಿ ಬರುತ್ತಿತ್ತು. ಈಗ ಪಟ್ಟಿ ಕೊಡುವವರಿಲ್ಲ. ಶಾಮಿಯಾನ ಕಂಡ ಕಡೆ ನಿಲ್ಲಿಸು ಎಂದು ಎಪಿಂಗ್‌ಗೆ ಹೇಳಿದೆ.

ನದಿ ದಾಟಿದ ಮೇಲಿನ ಕೇರಿಯಲ್ಲಿ ಒಂದು ಶಾಮಿಯಾನ ಕಂಡಿತು. ಮೇಜಿನ ಸುತ್ತ ಇಸ್ಪೀಟು, ದೊಡ್ಡ ಪಾತ್ರೆಯಲ್ಲಿ ಕಾಫಿ, ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತ ಹೆಂಗಸು. ಇನ್ನೇನು ಬೇಕು? ಮುಖ ಇಳಿಬಿಟ್ಟುಕೊಂಡು ಹೋಗಿ ಅವಳ ಎರಡೂ ಕೈ ಹಿಡಿದೆ. “ಧೈರ್ಯ ತಂದ್ಕೋ ತಾಯಿ. ಹೋದವರು ನಮಗಿಂತ ಒಳ್ಳೆ ಜಾಗದಲ್ಲಿದಾರೆ” ಎಂದೆ.

ಅವಳು ನನ್ನನ್ನೇ ನೋಡಿದಳು. “ಎಲ್ಲಿಗೆ ಹೋಗಿದಾರೆ ಮೇಯರ್? ಹುಡುಗಿ ಒಳಗೆ ಕೂದಲು ಬಾಚ್ಕೋತಾ ಇದಾಳೆ!”

ಅದು ಹೆಣ್ಣು ಕೇಳುವ ಶಾಸ್ತ್ರ, ಪೆರ್ಪೆತುವಾ. ಗಂಡಿನ ಕಡೆಯವರು ಹಂದಿ ಹುರಿದುಕೊಂಡು ಬಂದು ಕೂತಿದ್ದಾರೆ. ತಾಯಿ ಮಗಳನ್ನು ಕಳಿಸುವ ಸಂಕಟಕ್ಕೆ ಅಳುತ್ತಿದ್ದಾಳೆ. ಇಸ್ಪೀಟಿನ ಮೇಜಿನಿಂದ ಒಬ್ಬ ಮುದುಕ, “ತಪ್ಪೇನಿಲ್ಲ ಬಿಡ್ರೋ, ಮದ್ವೆ ಆದವನ ಗತಿ ಮೇಯರ್‌ಗೆ ಮುಂಚೇನೇ ಗೊತ್ತು!” ಎಂದ. ಶಾಮಿಯಾನ ಹಾರಿಹೋಗುವ ಹಾಗೆ ನಕ್ಕರು. ನಾನೂ ನಕ್ಕೆ. ಮೇಯರ್ ಆಗಿದ್ದಾಗ ಹೀಗಾಗಿದ್ದರೆ ಯಾರೂ ನಗುತ್ತಿರಲಿಲ್ಲ, ಅದು ಆ ಕ್ಷಣದಲ್ಲೇ ಹೊಳೆಯಿತು.

ಒತ್ತಾಯ ಮಾಡಿ ಊಟಕ್ಕೆ ಕೂರಿಸಿದರು. ನಾನು ಕಾಯುತ್ತಾ ಕೂತೆ. ಏನನ್ನು ಕಾಯುತ್ತಿದ್ದೆ ಎಂದು ನಿನಗೆ ಗೊತ್ತು. ಮದುವೆಗೆ ಸಾಕ್ಷಿ ನಿಲ್ಲುವ ಧರ್ಮಪಿತ ಆಗಿ ಎಂದು ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಈ ಊರಲ್ಲಿ ಸಾವಿರಕ್ಕೂ ಮೇಲೆ ಜೋಡಿಗಳಿಗೆ ನಾನು ಧರ್ಮಪಿತ. ಕೊನೆಗೆ ನಾಚಿಕೆ ಬಿಟ್ಟು ನಾನೇ ಕೇಳಿದೆ, “ಧರ್ಮಪಿತ ಯಾರು ಗೊತ್ತಾಯ್ತಾ?”

“ಅವಳ ಸೋದರಮಾವ ಆಗ್ತಾನೆ” ಎಂದಳು ತಾಯಿ. “ಮೊದ್ಲು ಧರ್ಮಮಾತೆ ಆಗಿ ಅಂತ ಮೇಯರಮ್ಮನ್ನೇ ಕೇಳೋಕೆ ಹೋಗಿದ್ವಿ. ಅವರು ಬೈದು ಕಳಿಸಿದ್ರು. ‘ನಾಳೆ ಗಂಡ ಹೆಂಡ್ತಿ ಜಗಳ ಆದ್ರೆ ನಡುವೆ ಬಂದು ಕೂರೋರನ್ನ ಕೇಳ್ರಿ, ನಂಗೆ ನಿಮ್ಮ ಮನೆ ದಾರೀನೇ ಗೊತ್ತಿಲ್ಲ’ ಅಂದ್ರು.” ಅಷ್ಟು ಹೇಳಿ ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು. ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ, ಆದರೂ ನನಗೆ ತಿನ್ನಲಾಗಲಿಲ್ಲ. ನನ್ನ ಸಾವಿರ ಮಕ್ಕಳಲ್ಲಿ ಹತ್ತು ಜನರ ಮನೆ ದಾರಿಯೂ ನನಗೆ ಗೊತ್ತಿಲ್ಲ.

ಅಷ್ಟಕ್ಕೇ ನಾನು ಸೋಲು ಒಪ್ಪಲಿಲ್ಲ. ನಿನ್ನ ಅಣ್ಣ ಅಷ್ಟು ಸುಲಭದವನಲ್ಲ. ಕಳೆದ ಗುರುವಾರ ಬೆಳಿಗ್ಗೆ ಅರ್ಜಿ ಹಾಕಿಯೇ ಬರುತ್ತೇನೆಂದು ಹೊರಟೆ. ಸಲೂದ್ ಬಿಳಿ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಳು. ಪುರಭವನದ ಹೊರಗೆ ಬೆಂಚಿನ ಮೇಲೆ ಊರಿಗೆಲ್ಲ ಅಕ್ಕನಾದ ಮಾನಾಂಗ್ ತೆಬಾಂಗ್ ಕೂತಿದ್ದಳು. ಒಣಮೀನು ಮಾರುತ್ತಾಳಲ್ಲ, ಆ ವಿಧವೆ. ನನ್ನ ಕಾಲದಲ್ಲಿ ತಿಂಗಳಿಗೆ ಎರಡು ಸಲವಾದರೂ ನಮ್ಮ ಜಗಲಿಗೆ ಬರುತ್ತಿದ್ದವಳು. ಬೆಳಗಿನ ಐದಕ್ಕೇ ಹತ್ತಾರು ಜನ ಅಲ್ಲಿ ಕೂತಿರುತ್ತಿದ್ದರು, ಔಷಧಿಗೆ, ಬಸ್ ಚಾರ್ಜಿಗೆ, ಶವಪೆಟ್ಟಿಗೆಗೆ. ಸಲೂದ್ ಕಾಫಿ ಹಂಚುತ್ತಿದ್ದಳು. ಆ ಜಗಲಿಯನ್ನು ನೀನು ಪುರಭವನಕ್ಕೆ ಎತ್ತಿಕೊಂಡು ಹೋದೆ, ನಂಬರಿನ ಚೀಟಿ, ಒಂದು ಕಿಟಕಿ, ಒಬ್ಬ ಗುಮಾಸ್ತ. ಜನ ನಿನ್ನನ್ನು ಶಪಿಸುತ್ತಾರೆ ಎಂದು ನಾನು ಸಲೂದ್ ಎದುರು ಎಷ್ಟು ಸಲ ನಕ್ಕಿದ್ದೆನೋ.

ತೆಬಾಂಗ್ ಕೈಯಲ್ಲಿ ಚೀಟಿ ಇತ್ತು. ಪಕ್ಕದಲ್ಲಿ ಕೂತು, “ಏನ್ ಮಾನಾಂಗ್, ಅಂಚೆ ಕಚೇರಿ ಥರ ಕಾಯಿಸ್ತಾರಲ್ಲ ನಿನ್ನ? ನಮ್ಮನೇಲಿ ಕಾಫಿ ಆದ್ರೂ ಸಿಗ್ತಿತ್ತು” ಎಂದೆ.

“ಸಿಗ್ತಿತ್ತು ಮೇಯರ್. ನೀವು ಯಾವತ್ತೂ ಇಲ್ಲ ಅಂದವರಲ್ಲ, ಸುಳ್ಳು ಹೇಳಬಾರ್ದು” ಎಂದಳು. ಚೀಟಿಯ ಮೂಲೆ ಮಡಚುತ್ತಾ ಮುಂದುವರಿಸಿದಳು. “ಆದ್ರೆ ನಿಮ್ಮನೆಗೆ ಬರೋವಾಗ ಬರಿಗೈಲಿ ಬರೋಕಾಗ್ತಿತ್ತಾ? ಒಂದು ಕೋಳಿನೋ, ನಾಲ್ಕು ಮೊಟ್ಟೆನೋ ಬೇಕು. ಒಳ್ಳೆ ಬಟ್ಟೆ ಹಾಕ್ಕೋಬೇಕು. ನೀವು ತಮಾಷೆ ಮಾಡಿದ್ರೆ ನಗಬೇಕು. ಮಗ ಜ್ವರದಲ್ಲಿ ಬೇಯ್ತಿದ್ದಾಗ್ಲೂ ನಕ್ಕಿದೀನಿ, ಮೇಯರ್. ಇಲ್ಲಿ ನಗೋದೇನೂ ಬೇಕಿಲ್ಲ. ನಂಬರ್ ಕರೆದ್ರೆ ಹೋಗೋದು, ಗುಳಿಗೆ ತಗೊಂಡು ಮನೆಗೆ ಹೋಗೋದು.”

ಅವಳ ನಂಬರು ಕರೆದರು. ಎದ್ದು ಹೋದಳು. ಸಿಟ್ಟಿನಿಂದಲೋ ಅಣಕದಿಂದಲೋ ಹೇಳಿದ್ದರೆ ನಾನು ಎದುರು ಮಾತಾಡುತ್ತಿದ್ದೆ. ಹವಾಮಾನದ ಬಗ್ಗೆ ಹೇಳಿದ ಹಾಗೆ ಹೇಳಿದಳು. ಆ ಮಗನ ಜ್ವರದ ದಿನ ನಾನು ಮಾಡಿದ ತಮಾಷೆ ಯಾವುದಿರಬಹುದು ಎಂದು ಮೂರು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ನೆನಪಾಗುತ್ತಿಲ್ಲ. ಅವಳು ನಕ್ಕದ್ದು ಮಾತ್ರ ನೆನಪಿದೆ, ಇವಳಿಗೆ ನನ್ನನ್ನು ಕಂಡರೆ ಎಷ್ಟು ಪ್ರೀತಿ ಎಂದುಕೊಂಡಿದ್ದೆ.

ಅರ್ಜಿ ಹಾಕದೆ ಮನೆಗೆ ಬಂದೆ. ಸಲೂದ್ ಬಾಗಿಲಲ್ಲೇ ಸಿಕ್ಕಳು. “ಅಂಗಿ ಬಿಚ್ಚಬೇಡಿ, ಇಷ್ಟು ಕಷ್ಟಪಟ್ಟು ಇಸ್ತ್ರಿ ಮಾಡಿದೀನಿ, ಚರ್ಚಿಗಾದ್ರೂ ಬನ್ನಿ” ಎಂದಳು. ಹೋದೆ. ಪ್ರಾರ್ಥನೆ ಬರಲಿಲ್ಲ, ಫ್ಯಾನಿನ ಕೆಳಗೆ ಕೂತು ಬಂದೆ.

ನಾನು ನಿಲ್ಲುವುದಿಲ್ಲ, ಪೆರ್ಪೆತುವಾ. ನಾಳೆ ಬೆಳಿಗ್ಗೆಯೇ ಹೋಗಿ ನಿನ್ನ ಹೆಸರು ಹಾಕು, ಮಂಗಳವಾರದವರೆಗೆ ಕಾಯಬೇಡ, ಆ ಗುಮಾಸ್ತರು ಕೊನೆ ಗಳಿಗೆಯಲ್ಲಿ ಒಂದಲ್ಲ ಒಂದು ಕಾಗದ ಕಡಿಮೆ ಎನ್ನುತ್ತಾರೆ. ಫೋಟೋ ನಾಲ್ಕು ಪ್ರತಿ ಇರಲಿ. ಟೀಚರುಗಳನ್ನು ಮೆರವಣಿಗೆಯಲ್ಲಿ ಕರೆದುಕೊಂಡು ಹೋಗಬೇಡ, ಬಿಸಿಲಿಗೆ ಬೀಳುತ್ತಾರೆ. ನನ್ನ ಹಳೆಯ ಬೆಂಬಲಿಗರು ಬಂದು ನಿನ್ನ ಮೇಲೆ ಚಾಡಿ ಹೇಳಿದರೆ ಓಡಿಸುವ ಕೆಲಸ ನನಗೆ ಬಿಡು, ಅಷ್ಟು ಗಂಟಲು ಇನ್ನೂ ಉಳಿದಿದೆ.

ದೇವರು ನಿನಗೆ ಆರೋಗ್ಯ ಕೊಡಲಿ, ತಾಳ್ಮೆ ನಿನ್ನಲ್ಲೇ ಬೇಕಾದಷ್ಟಿದೆ. ನಮ್ಮ ತಾಯಿ ಇದ್ದಿದ್ದರೆ ನಿನ್ನ ಹಣೆ ಮುಟ್ಟಿ ಹರಸುತ್ತಿದ್ದರು. ಅವರ ಬದಲು ಈ ಮುದುಕನ ಕೈಯೇ ಇದೆ ಎಂದುಕೋ.

ನಿನ್ನ ಅಣ್ಣ,
ಹೊನೊರಾತೊ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಮೂರು ವರ್ಷದ ಹಿಂದೆ ಕುರ್ಚಿಗೆ ಯಾರು ಎಂದಾಗ ಸಲೂದ್ ಇದ್ದಳು, ನಮ್ಮ ಉಪಮೇಯರ್ ಇದ್ದ, ಕೆಲಸ ಬಲ್ಲವರು ಇನ್ನೂ ಇಬ್ಬರಿದ್ದರು. ಎಲ್ಲರನ್ನೂ ಬಿಟ್ಟು ನಿನ್ನನ್ನು ಆರಿಸಿದ್ದು, ನಿನ್ನ ಕೈಲಿ ಆಗುವುದಿಲ್ಲ ಎಂಬ ಧೈರ್ಯದಿಂದ. ಶಾಲೆಯ ಹೊರಗೆ ಜನರೆದುರು ಮಾತಾಡಬೇಕೆಂದರೆ ನೀನು ಚೀಟಿ ನೋಡಿ ಓದುತ್ತಿದ್ದೆ. ಇವಳು ಮೂರು ವರ್ಷ ಎಡವಲಿ, ಊರು ನನ್ನನ್ನು ನೆನೆದು ಅಳಲಿ ಎಂದುಕೊಂಡಿದ್ದೆ. ನೀನು ಮಾತ್ರ ಹೋದಲ್ಲೆಲ್ಲ ಭಾಷಣ ಶುರು ಮಾಡುವುದೇ “ನಮ್ಮಣ್ಣ ನನ್ನನ್ನ ನಂಬಿ ಕೂರಿಸಿದ” ಎಂದು. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೇನೆ. ಈ ಸಲ ಪ್ರಚಾರದಲ್ಲಿ ಆ ಮಾತೊಂದನ್ನು ಆಡಬೇಡ, ತಂಗಿ. ಕೂತು ಕೇಳಲು ನನ್ನಿಂದ ಆಗುವುದಿಲ್ಲ.