ಮಾಳಿಗೆಯಿಂದ ಪಡಸಾಲೆಗೆ

ಸಗರ, ತಾ. ಶಹಾಪುರ
ಗುರುವಾರ, ೫ ಡಿಸೆಂಬರ್ ೨೦೨೪

ಪ್ರೀತಿಯ ಅಣ್ಣ ಮರಿಲಿಂಗನಿಗೆ ತಂಗಿ ಪರಿಮಳಾಳ ಜೈಭೀಮ್.

ಹೇಗಿದ್ದೀ? ಕಲಬುರಗಿಯಲ್ಲಿ ಚಳಿ ಬಿದ್ದಿದೆಯೇ? ಕಲ್ಪನಾ ವೈನಿಯ ಬೆನ್ನುನೋವು ಹೇಗಿದೆ, ಕೂಸಿನ ಕೆಮ್ಮು ಹೋಯಿತೇ? ಅಜವಾನ ಹುರಿದು ಅರಿವೆಯಲ್ಲಿ ಕಟ್ಟಿ ಎದೆಗೆ ಕಾಸಬೇಕಂತೆ, ದವಾಖಾನೆಯ ಸಿಹಿ ಔಷಧ ಕುಡಿಸಿ ಕುಡಿಸಿ ಕೂಸಿನ ಹೊಟ್ಟೆ ಕೆಡಿಸಬೇಡಿರೆಂದು ಅವ್ವ ಹೇಳಿದ್ದಾಳೆ. ಅವ್ವ ಆರಾಮ ಇದ್ದಾಳೆ. ಹತ್ತಿ ಬಿಡಿಸಿ ಬಿಡಿಸಿ ಬೆರಳ ತುದಿಗಳು ಒಡೆದಿವೆ. ಎಣ್ಣೆ ಹಚ್ಚಿಕೋ ಅಂದರೆ 'ನನಗೇನ್ ಉಂಗುರ ತೊಡಿಸಾಕ ಯಾರರ ಬರಾಕತ್ತಾರೇನು' ಅನ್ನುತ್ತಾಳೆ. ನಾನು ಶಹಾಪುರದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿಯೇ ಇದ್ದೇನೆ. ನಾಲ್ಕು ವರ್ಷವಾದರೂ ಇನ್ನೂ ಅತಿಥಿ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಸಿಟ್ಟು. ಕೂತು ಓದು.

ಫೋನ್ ಮಾಡಿದರೆ ನೀನು ಮೀಟಿಂಗ್ ಅನ್ನುತ್ತೀ. ಮೆಸೇಜು ಓದಿದ ನೀಲಿ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ. ಅಪ್ಪ ಯಾಕೆ ಫೋನ್ ಎತ್ತುತ್ತಿಲ್ಲ ಎಂದು ಮೊನ್ನೆ ಅವ್ವನನ್ನು ಕೇಳಿದೆಯಂತೆ. ನಾಚಿಕೆಗೆ ಎತ್ತುತ್ತಿಲ್ಲ. ಮಗ ಕೊಡಿಸಿದ ಕೆಲಸವನ್ನು ಕಳೆದುಕೊಂಡೆ ಎಂಬ ನಾಚಿಕೆ. ನಿಮ್ಮ ಇಂಟರ್ನೆಟ್ ಕಂಪನಿ ಅವನ ಕೆಲಸದ ಐಡಿಯನ್ನು ರದ್ದು ಮಾಡಿ ಇವತ್ತಿಗೆ ಹತ್ತು ದಿನ. ಐವತ್ತಾರನೇ ವಯಸ್ಸಿಗೆ ಕಲಿತ ಕೆಲಸ ಹೋಯಿತು, ಜೊತೆಗೆ 'ಗ್ರಾಹಕರೊಂದಿಗೆ ಅನುಚಿತ ವರ್ತನೆ' ಎಂಬ ಕೆಟ್ಟ ಹೆಸರು ಬಂತು. ಆ ಕಂಪನಿಯಲ್ಲಿ ಗ್ರಾಹಕರ ದೂರು ನೋಡುವ ಮೇಜಿನ ಹಿಂದೆ ಕೂಡುವವನು ನೀನು. ಅದಕ್ಕೆ ಮೊದಲಿನಿಂದ ಹೇಳುತ್ತೇನೆ. ಗೊತ್ತಿರುವುದನ್ನೂ ಇನ್ನೊಮ್ಮೆ ಕೇಳು, ನೀನು ಮರೆತಂತೆ ಕಾಣುತ್ತದೆ.

ಇಪ್ಪತ್ತೆರಡು ವರ್ಷ ಅಪ್ಪ ಈ ಊರಿನ ಮನೆಗಳಿಗೆ ಕೇಬಲ್ ಟಿವಿ ಕೊಟ್ಟ. ಎಲ್ಲಿ ನಿಂತು ಕೊಟ್ಟ? ಮಾಳಿಗೆಯ ಮೇಲೆ ನಿಂತು. ಸೂಗಪ್ಪ ಸಾಹುಕಾರನ ಮನೆ ನಿನಗೆ ಗೊತ್ತಲ್ಲ, ಕಿರಾಣಿ ಅಂಗಡಿಯ ಹಿಂದಿನದು. ಆ ಮನೆಗೆ ಅಪ್ಪನ ದಾರಿ ಎಂದರೆ ದನದ ಕೊಟ್ಟಿಗೆಯ ಹಿಂದಿನ ನಿಚ್ಚಣಿಕೆ. ಏರುವುದು, ಬೆಳಕಿಂಡಿಯಿಂದ ವೈರು ಇಳಿಬಿಡುವುದು, ಕೆಳಗೆ ಮನೆಯವರೇ ಯಾರಾದರೂ ಪಿನ್ನು ಚುಚ್ಚಿಕೊಳ್ಳುವುದು. ಅಪ್ಪ ಮೇಲಿಂದ ಕೂಗಬೇಕು, 'ಬಂತೇನ್ರಿ ಅಕ್ಕೋರ?' ಸಾಹುಕಾರನ ಹೆಂಡತಿ ಪಾರ್ವತಿಬಾಯಿ ಒಳಗಿಂದ ಕೂಗಬೇಕು, 'ಮಾರಿ ಕಾಣವಲ್ದು ಈಶಪ್ಪಾ, ಬರೇ ಸೊಳ್ಳಿ ಕುಣಿಯಾಕತ್ತಾವ, ಇನ್ನೊಂದೀಟು ತಿರುವು.' ಉರಿಬಿಸಿಲಲ್ಲಿ ಕಾದ ಕಲ್ಲಿನ ಮೇಲೆ ಕಾಲು ಬದಲಿಸುತ್ತ ಅಪ್ಪ ತಿರುವಬೇಕು. ತಾನು ಚಿತ್ರ ಕೊಟ್ಟ ಟಿವಿ ದೊಡ್ಡದೋ ಸಣ್ಣದೋ, ಅದರಲ್ಲಿ ಕೆಂಪು ಕೆಂಪಾಗಿಯೇ ಕಾಣುತ್ತದೋ ಇಲ್ಲವೋ, ಅವನು ಒಮ್ಮೆಯೂ ನೋಡಲಿಲ್ಲ. ಅಪ್ಪ ಮುಟ್ಟಿದ ವೈರು ದೇವರ ಜಗುಲಿಯ ಬಾಜೂಕೆ ಹಾದು ಹೋಗಬಹುದಿತ್ತು, ಅಪ್ಪ ಹಾದು ಹೋಗುವಂತಿರಲಿಲ್ಲ. ನೀನು ಪಿಯುಸಿ ಓದುವಾಗ ಎಷ್ಟೋ ಸಲ ಅವನ ಜೊತೆ ಆ ನಿಚ್ಚಣಿಕೆ ಹತ್ತಿದ್ದೀ. ಕೆಳಗೆ ಬಂದ ಮೇಲೆ ಕೊಟ್ಟಿಗೆಯ ಗೋಡೆಗೆ ಒದ್ದು ಅಪ್ಪನಿಂದ ಬೈಸಿಕೊಂಡವನು ನೀನೇ. ಆ ಸಿಟ್ಟು ಎಲ್ಲಿ ಹೋಯಿತು ಅಣ್ಣಾ?

ಈ ವರ್ಷ ಮಳೆಗಾಲದಲ್ಲಿ ಶಹಾಪುರದ ಕೇಬಲ್ ಮಾಲೀಕ ಭಗವಂತರಾಯ ಡಿಶ್ ಬಿಚ್ಚಿ ಅಂಗಡಿ ಮುಚ್ಚಿದಾಗ, 'ಕೇಬಲ್ ಮುಗೀತಪ್ಪಾ, ಇನ್ನ ಎಲ್ಲಾ ಇಂಟರ್ನೆಟ್ಟಿನ ಮ್ಯಾಲ ಬರ್ತೈತಿ, ನೀ ಫೈಬರ್ ಕಲಿ' ಎಂದು ನೀನು ಹೇಳಿದೆ. ಒಳ್ಳೆಯದನ್ನೇ ಹೇಳಿದೆ, ಅದನ್ನು ಇಲ್ಲವೆನ್ನುವುದಿಲ್ಲ. ಯಾದಗಿರಿಯಲ್ಲಿ ಮೂರು ದಿನದ ತರಬೇತಿಗೆ ಅಪ್ಪ ಹೋದ. ಮೀಸೆ ಬಾರದ ಹುಡುಗರ ನಡುವೆ ಕೂತು, ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು, ಕೂದಲಿನಂಥ ಗಾಜಿನ ಎಳೆಯನ್ನು ಬೆಸೆಯುವುದು ಕಲಿತ. ಬಂದವನೇ ಮೊದಲು ನಮ್ಮ ಮನೆಯ ಕೇಬಲ್ ವೈರನ್ನು ತಾನೇ ಕತ್ತರಿಸಿದ. ಬಾಬಾಸಾಹೇಬರ ಫೋಟೋದ ಕೆಳಗೆ ಇಂಟರ್ನೆಟ್ಟಿನ ಹೊಸ ಡಬ್ಬಿ ಬಡಿದ. ಅವ್ವನ ಗೋಳು ಕೇಳು. ಮೊದಲು ಇಪ್ಪತ್ತಮೂರು ಒತ್ತಿದರೆ ಧಾರಾವಾಹಿ ಬರುತ್ತಿತ್ತು, ಈಗ ರಿಮೋಟಿಗೆ ಬಾಯಿಂದ ಹೇಳಬೇಕು. 'ಆ ಅತ್ತಿ ಸೊಸಿ ಜಗಳದ್ದು ಹಚ್ಚೋ, ನಿನ್ನೆ ಅರ್ಧಕ್ಕ ನಿಂತಿತ್ತು' ಎಂದಳು. ಅದು ಅಡುಗೆ ಕಲಿಸುವ ಹೆಂಗಸನ್ನು ತಂದು ನಿಲ್ಲಿಸಿತು. 'ಇದೂ ಸಾಹುಕಾರನಂಗ, ಕೇಳಿದ್ದೊಂದು ಕೊಡೂದೊಂದು' ಎಂದು ರಿಮೋಟನ್ನು ಅಪ್ಪನ ತೊಡೆಗೆ ಒಗೆದಳು. ಬಹಳ ದಿನದ ಮೇಲೆ ಅಪ್ಪ ಬಿದ್ದು ಬಿದ್ದು ನಕ್ಕದ್ದು ಅವತ್ತೇ.

ಹೋದ ತಿಂಗಳ ಇಪ್ಪತ್ನಾಲ್ಕು, ಭಾನುವಾರ. ಸೂಗಪ್ಪನ ಮನೆಗೆ ಡಬ್ಬಿ ಹಾಕುವ ಆರ್ಡರ್ ಬಂದಿತ್ತು. ಟಿವಿಯಲ್ಲಿ ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ ಒತ್ತಬೇಕಲ್ಲ, ಅದಕ್ಕೆ ನನ್ನನ್ನೂ ಕರೆದ. ಅಂಗಳದಲ್ಲೇ ಪಾರ್ವತಿಬಾಯಿ ಹಳೆಯ ರೂಢಿಯಂತೆ, 'ನಿಚ್ಚಣಿಕಿ ಹಿಂದ ಅದ ನೋಡು ಈಶಪ್ಪಾ' ಎಂದಳು. 'ಇದು ಮ್ಯಾಲಿಂದ ಆಗಂಗಿಲ್ರಿ ಅಕ್ಕೋರ, ಡಬ್ಬಿ ಟಿವಿ ಬಾಜೂಕ ಬಡೀಬೇಕು, ಅಲ್ಲೇ ಕುಂತು ಎಳಿ ಬೆಸೀಬೇಕು' ಎಂದ ಅಪ್ಪ. ಸೂಗಪ್ಪ ಒಳಗಿಂದಲೇ, 'ಕಿಟಕ್ಯಾಗಿಂದ ಕೊಡು, ನಮ್ಮ ಚೇತನ ಕಾಲೇಜ ಕಲ್ತಾನ, ಮಾಡ್ತಾನ' ಎಂದ. ಅವನ ಮಗ ಚೇತನಕುಮಾರ ಕಿಟಕಿಯಲ್ಲಿ ಕೈ ಚಾಚಿದ, ಎಳೆ ಮುರಿಯಿತು. ಇನ್ನೊಮ್ಮೆ ಕೊಟ್ಟರೆ ಇನ್ನೊಮ್ಮೆ ಮುರಿಯಿತು. ಅವರು ನೋಡಬೇಕೆಂದಿದ್ದ ಕ್ರಿಕೆಟ್ ಮ್ಯಾಚು ಶುರುವಾಗಿ ತಾಸಾಗಿತ್ತು. 'ಬರ್ಲಿ ಬಿಡಪ್ಪ, ಇದು ನನ್ನ ಕೈಲಿಂದ ಆಗೂದಲ್ಲ' ಎಂದು ಆ ಹುಡುಗನೇ ಕೂಗಿದ. ಯಾರೂ ಬಾ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅಪ್ಪ ಚಪ್ಪಲಿ ಬಿಟ್ಟ, ನಲ್ಲಿಯಲ್ಲಿ ಕಾಲು ತೊಳೆದುಕೊಂಡ. ಹೇಳಲು ನಾಚಿಕೆ, ನಾನೂ ತೊಳೆದುಕೊಂಡೆ. ನಾನು ಮಕ್ಕಳಿಗೆ ಸಂವಿಧಾನದ ಪಾಠ ಮಾಡುವವಳು.

ಪಡಸಾಲೆಯಲ್ಲಿ ಅಪ್ಪ ಎರಡೂ ಕನ್ನಡಕ ಏರಿಸಿದ. ಮೊದಲ ಸಲಕ್ಕೇ ಎಳೆ ಬೆಸೆಯಿತು. ಟಿವಿ ಹಚ್ಚಿದರೆ, ಹೊಸ ಡಬ್ಬಿ ತನ್ನನ್ನು ತಾನು ಸಿದ್ಧ ಮಾಡಿಕೊಳ್ಳುತ್ತಿದೆ, ಎಂಟು ನಿಮಿಷ ಕಾಯಿರಿ ಎಂಬ ಬರಹ ಬಂತು. ನಡುವೆ ಕರೆಂಟು ತೆಗೆದರೆ ಡಬ್ಬಿ ಕೆಡುತ್ತದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರಿಂದ ಅಪ್ಪ ಅಲ್ಲಿಂದ ಕದಲುವಂತಿರಲಿಲ್ಲ. ಇಪ್ಪತ್ತೆರಡು ವರ್ಷ ನಿಚ್ಚಣಿಕೆ ಹತ್ತಿದ ಮೊಣಕಾಲು ಅವು. ಹತ್ತಿರ ಒಂದು ಪ್ಲಾಸ್ಟಿಕ್ ಖುರ್ಚಿ ಇತ್ತು. ಅಪ್ಪ ಕೂತ. ಬೇಕೆಂದು ಕೂತದ್ದಲ್ಲ, ಹೋರಾಟವೂ ಅಲ್ಲ, ಕಾಲು ನೊಂದಿದ್ದಕ್ಕೆ ಕೂತ. ಚಿತ್ರ ಬಂದಾಗ ಗೋಡೆಯ ತುಂಬ ಹಸಿರು ಮೈದಾನ. 'ಅಬಾ, ಇಷ್ಟ ದೊಡ್ಡದೈತೇನು ನಿಮ್ಮ ಟಿವಿ' ಎಂದು ಅಪ್ಪ ನಕ್ಕ. ಪಾರ್ವತಿಬಾಯಿ ಖುರ್ಚಿಯನ್ನೇ ನೋಡುತ್ತಿದ್ದಳು. ನಾವು ಹೊರಬಿದ್ದ ಮೇಲೆ ನಡೆದದ್ದನ್ನು ಆ ಮನೆಯ ಕಸಮುಸುರೆ ಮಾಡುವ ಗುಡ್ಡಿ ಮರುದಿನ ಹತ್ತಿ ಹೊಲದಲ್ಲಿ ಅವ್ವನಿಗೆ ಹೇಳಿದಳು. ಪಡಸಾಲೆಗೆ ಎರಡು ಕೊಡ ನೀರು ಹೊಯ್ಸಿದರಂತೆ. ಖುರ್ಚಿಯನ್ನು ಕೊಟ್ಟಿಗೆಗೆ ಒಯ್ದು ಹಾಕಿದರಂತೆ. ಡಬ್ಬಿಯನ್ನು ಮಾತ್ರ ಯಾರೂ ಕಿತ್ತಿಲ್ಲ. ಅಪ್ಪ ಬೆಸೆದ ಎಳೆಯಲ್ಲಿ ಬರುವ ಮ್ಯಾಚು, ಧಾರಾವಾಹಿ, ಪ್ರವಚನ ಎಲ್ಲವನ್ನೂ ಈ ಹೊತ್ತಿಗೂ ನೋಡುತ್ತಿದ್ದಾರೆ.

ಅದೇ ಸೋಮವಾರ ಬೆಳಿಗ್ಗೆ ಅಪ್ಪನ ಫೋನಿಗೆ ಕಂಪನಿಯ ಮೆಸೇಜು. ಓದಿ ಹೇಳಿದೆ. 'ನಾ ಏನ್ ಅಂದೆ ಅವರಿಗಿ? ಏನೂ ಅಂದಿಲ್ಲಲ್ಲ' ಎಂದು ಮೂರು ಸಲ ಕೇಳಿದ. ನಾನು ಶಾಲೆಯ ಗೇಟಿನಲ್ಲಿ ನಿಂತು ನಿನಗೆ ಫೋನ್ ಮಾಡಿದೆ. ಹೇಳಿದ್ದು ಎರಡೇ ಮಾತು: ಅಪ್ಪನ ಐಡಿ ಹೋಗಿದೆ, ಅನುಚಿತ ವರ್ತನೆ ಎಂದು ಬರೆದಿದ್ದಾರೆ. ನೀನು ಅಂದದ್ದು ನೆನಪಿದೆಯೇ? 'ಪರೀ, ಒಬ್ಬ ಗಿರಾಕಿ ಸಲುವಾಗಿ ಊರನ್ನ ಎದುರು ಹಾಕ್ಕೊಳ್ಳಾಕ ಆಗ್ತೈತೇನು? ಕೆಲಸ ಮುಗಿಸಿ ಸುಮ್ನ ಬರಬೇಕಿಲ್ಲ? ಖುರ್ಚಿ ಮ್ಯಾಲ ಕುಂಡ್ರೂದೇನಿತ್ತು ಅವಂಗ?'

ಖುರ್ಚಿಯ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ಕಂಪನಿಯ ಮೆಸೇಜಿನಲ್ಲಿ ಇರಲಿಲ್ಲ. ಅಪ್ಪ ನಿನಗೆ ಹೇಳಿರಲಿಲ್ಲ. ಅದನ್ನು ನಿನಗೆ ಹೇಳುವ ಬಾಯಿ ಒಂದೇ, ಸೂಗಪ್ಪನದು. ಅವನು ದೂರಿನ ನಂಬರಿಗೆ ಫೋನ್ ಮಾಡಿದ, ಎತ್ತಿದವನು ನೀನು. ಆ ಕಡೆಯ ದನಿ ಯಾರದೆಂದು ನಿನಗೆ ಗೊತ್ತಾಗಿದೆ, ಈ ಕಡೆಯವನು ಯಾರ ಮಗನೆಂದು ಅವನಿಗೆ ಗೊತ್ತಾಗಿಲ್ಲ, ನೀನು ಹೇಳಲಿಲ್ಲ. ಖುರ್ಚಿಯ ಮೇಲೆ ಕೂತ ಎಂಬ ಅಪರಾಧ ನಿಮ್ಮ ಕಂಪ್ಯೂಟರಿನ ಪಟ್ಟಿಯಲ್ಲಿ ಇರುವುದಿಲ್ಲ. ಇದ್ದುದರಲ್ಲಿ ಅದಕ್ಕೆ ಹತ್ತಿರವಾದ 'ಅನುಚಿತ ವರ್ತನೆ'ಯನ್ನು ನೀನು ಹುಡುಕಿ ಒತ್ತಿದೆ. ಅಪ್ಪನ ಹೆಸರನ್ನು ಕೆಲಸಗಾರರ ಪಟ್ಟಿಗೆ ಸೇರಿಸುವಾಗಲೂ ಅವನು ನಿನಗೆ ಏನಾಗಬೇಕೆಂದು ನೀನು ಅಲ್ಲಿ ಹೇಳಿಲ್ಲ. ನಮ್ಮ ಜಾತಿ ಗೊತ್ತಾದರೆ ಬಾಡಿಗೆ ಮನೆ ಸಿಗದ ಊರು ಅದು, ಗೊತ್ತಿದೆ. ಯಾರ ಬಾಯಿಗೂ ಬೀಳದೆ ಬದುಕುವುದು ಎಷ್ಟು ಕಷ್ಟವೆಂದೂ ಗೊತ್ತಿದೆ. ಅದಕ್ಕೆ ಇಷ್ಟು ದಿನ ಸುಮ್ಮನಿದ್ದೆ. ಆದರೆ ನಿನ್ನ ತಲೆ ಉಳಿಸಿಕೊಳ್ಳಲು ಅಪ್ಪನ ತಲೆ ಕೊಟ್ಟೆಯಲ್ಲ, ಅದಕ್ಕೆ ನನ್ನಲ್ಲಿ ಕ್ಷಮೆ ಇಲ್ಲ. ಸೂಗಪ್ಪನ ಮೇಲಿನ ಸಿಟ್ಟು ಹಳೆಯದು. ಅದಕ್ಕೆ ಸಂಘ ಇದೆ, ಕಾನೂನು ಇದೆ, ಗುಡ್ಡಿ ಸಾಕ್ಷಿ ಹೇಳಲು ಒಪ್ಪಿದ್ದಾಳೆ. ನಾಳೆ ಡಿಸೆಂಬರ್ ಆರು, ಬಾಬಾಸಾಹೇಬರು ತೀರಿಕೊಂಡ ದಿನದ ಸಭೆಯಲ್ಲಿ ಆ ಮಾತು ಬರುತ್ತದೆ. ನಿನ್ನ ಮೇಲಿನ ಸಿಟ್ಟನ್ನು ಎಲ್ಲಿ ಹೋಗಿ ಹೇಳಲಿ?

ನೀನು ಮಾಡಬೇಕಾದ್ದು ಇಷ್ಟು. ಯಾವ ಕೈಯಿಂದ ಒತ್ತಿದೆಯೋ ಅದೇ ಕೈಯಿಂದ ಆ ದೂರನ್ನು ಮತ್ತೆ ತೆರೆ. ನಡೆದದ್ದನ್ನು ನಡೆದ ಹಾಗೆ ಬರೆ: ಕೆಲಸಗಾರ ಕೆಲಸ ಮುಗಿಸಿದ, ಕಾಯುವಾಗ ಕೂತ, ಗ್ರಾಹಕ ಜಾತಿಯ ಕಾರಣಕ್ಕೆ ದೂರು ಕೊಟ್ಟ. ಕೆಳಗೆ ನಿನ್ನ ಪೂರಾ ಹೆಸರು ಹಾಕು, ಅಪ್ಪನ ಹೆಸರು ಸಮೇತ.

ವೈನಿಗೆ ನನ್ನ ನಮಸ್ಕಾರ, ಕೂಸಿಗೆ ಅವ್ವನ ಮುತ್ತು. ನಿನಗೆ ಏನು ಕಳಿಸಲಿ ಎಂದು ಅವ್ವನನ್ನು ಕೇಳಿದೆ. 'ಹೊಟ್ಟಿ ತುಂಬ ಉಣ್ಣು ಅಂತ ಬರಿ' ಎಂದಳು. ಬರೆದಿದ್ದೇನೆ.

ನಿನ್ನ ತಂಗಿ, ಇನ್ನೂ ತಂಗಿಯೇ,
ಪರಿಮಳಾ ಈಶಪ್ಪ

ತಾ.ಕ.: ಕಾಗದ ಮಡಚುವಾಗ ಅಪ್ಪ ಎದ್ದು ಬಂದು ಕಲಬುರಗಿಯ ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಿದ. ಸೋಮವಾರ ನಿಮ್ಮ ಆಫೀಸಿಗೆ ಬರುತ್ತಾನಂತೆ. 'ಅಲ್ಲಿ ನನ್ನ ಮಗ ಅದಾನ, ಅವಂಗ ಸುದ್ದಿ ಮುಟ್ಟಿಲ್ಲ, ಮುಟ್ಟಿದ್ರ ಬಿಡ್ತಿದ್ನೇನು' ಅನ್ನುತ್ತಿದ್ದಾನೆ. ಒತ್ತಿದವನು ನೀನೇ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ, ಅದು ನೀನು ಹೇಳಬೇಕಾದದ್ದು. ರಜೆ ಹಾಕಿ ಜೊತೆಗೆ ಬರುತ್ತೇನೆ. ಕೌಂಟರಿನಲ್ಲಿ ಅವನು ನಿನ್ನ ಹೆಸರು ಹಿಡಿದು ಕೇಳುತ್ತಾನೆ. ಅವರು ನಿಮಗೆ ಏನಾಗಬೇಕು ಎಂದು ಕೌಂಟರಿನವರು ಕೇಳುತ್ತಾರೆ, ಅಪ್ಪ ಹೇಳುತ್ತಾನೆ, ಎಲ್ಲರೂ ನಿನ್ನ ಕಡೆ ತಿರುಗುತ್ತಾರೆ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ಶನಿವಾರ ಮುಟ್ಟುತ್ತದೆ. ನಿನಗೆ ಒಂದು ಭಾನುವಾರ ಇದೆ.